ಬಾಗಿಲು ಸಂವಿಧಾನದಲ್ಲೇ ಇತ್ತು



ಪ್ರಜಾಪ್ರಭುತ್ವ ಹೋಗಿ ಸರ್ವಾಧಿಕಾರ ಬರೋದು ಅಂದ್ರೆ ಸೈನ್ಯ ಬಂದೂಕು ಹಿಡಿದು ಬರುವುದು ಅಂತ ನಾವು ತಿಳಿದಿರುತ್ತೇವೆ. 1973ರಲ್ಲಿ ಚಿಲಿ ದೇಶದಲ್ಲಿ ಹಾಗೇ ಆಯಿತು. ಆದರೆ ಜರ್ಮನಿಯ ಪಾಠವನ್ನೂ ನಮ್ಮ ತುರ್ತು ಪರಿಸ್ಥಿತಿಯ ಪಾಠವನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಬೇರೆಯೇ ಕಂಡಿತು. ಅಲ್ಲಿ ಯಾರೂ ಬಾಗಿಲು ಒಡೆಯಲಿಲ್ಲ. ಬಾಗಿಲು ಸಂವಿಧಾನದಲ್ಲೇ ಇತ್ತು.

ಮೊದಲು ಜರ್ಮನಿ. 1919ರ ಅವರ ಸಂವಿಧಾನ ಚೆನ್ನಾಗಿಯೇ ಇತ್ತು, ಹೆಂಗಸರಿಗೂ ಮತದ ಹಕ್ಕಿತ್ತು. ಆದರೆ ಅಪಾಯ ಬಂದಾಗ ಅಧ್ಯಕ್ಷರು ಜನರ ಹಕ್ಕುಗಳನ್ನು ತಡೆಹಿಡಿಯಬಹುದು ಅಂತ 48ನೇ ವಿಧಿ ಹೇಳುತ್ತಿತ್ತು. 1932ರ ಹೊತ್ತಿಗೆ ಸುಮಾರು 60 ಲಕ್ಷ ಜನಕ್ಕೆ ಕೆಲಸವಿರಲಿಲ್ಲ. ಪಕ್ಷಗಳು ಒಂದಾಗಲಿಲ್ಲ. ಆ ವಿಧಿಯಿಂದಲೇ ರಾಜ್ಯಭಾರ ನಡೆಸುವುದು ರೂಢಿಯಾಗಿಬಿಟ್ಟಿತು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮಾರನೇ ದಿನವೇ 48ನೇ ವಿಧಿಯಡಿ ಹಕ್ಕುಗಳು ರದ್ದಾದವು. ಮಾರ್ಚ್ 5ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಅರ್ಧ ಮತವೂ ಸಿಗಲಿಲ್ಲ, ಶೇಕಡಾ 43.9 ಅಷ್ಟೇ! ಆದರೂ ಮಾರ್ಚ್ 23ರಂದು ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ ಅವನ ಕೈಗೆ ಕೊಟ್ಟಿತು. ಬೇಕು ಅಂದವರು 444, ಬೇಡ ಅಂದವರು 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಟರು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ.

ಈಗ ನಮ್ಮ ದೇಶ. 1975ರ ಜೂನ್ 25ರ ರಾತ್ರಿ 352ನೇ ವಿಧಿಯ ‘ಆಂತರಿಕ ಗಲಭೆ’ ಎಂಬ ಮಾತನ್ನು ಹಿಡಿದು ತುರ್ತು ಪರಿಸ್ಥಿತಿ ಹೇರಿದರು. ರಾಷ್ಟ್ರಪತಿಗಳ ಸಹಿ ಆದದ್ದು ಮಂತ್ರಿಮಂಡಲಕ್ಕೆ ಗೊತ್ತಾದದ್ದು ಮಾರನೇ ಬೆಳಿಗ್ಗೆ. ವಾಜಪೇಯಿ, ಅಡ್ವಾಣಿಯವರನ್ನು ಬೆಂಗಳೂರಿನಲ್ಲೇ ಹಿಡಿದು ಜೈಲಿಗೆ ಹಾಕಿದರು. ವಿಚಾರಣೆ ಇಲ್ಲದೆ ಹೀಗೆ ಬಂಧಿಸಿದರೆ ಕೋರ್ಟಿಗೆ ಹೋಗಬಹುದೇ? ಹೋಗುವಂತಿಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಕ್ಕೇ ಇರಬೇಕು, 1977ರಲ್ಲಿ ಅವರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು.

ಹಾಗಾದರೆ ನಾವು ಜರ್ಮನಿಯಂತೆ ಆಗಲಿಲ್ಲ ಯಾಕೆ? ತಡವಾಗಿಯಾದರೂ 1977ರ ಮಾರ್ಚಿನಲ್ಲಿ ನಿಜವಾದ ಚುನಾವಣೆ ನಡೆಯಿತು, ಸೋತವರು ಕುರ್ಚಿ ಬಿಟ್ಟು ಇಳಿದರು. (ನಮ್ಮ ಕರ್ನಾಟಕದಲ್ಲಿ ಕಾಂಗ್ರೆಸ್ ಸೋಲಲಿಲ್ಲ, 28ರಲ್ಲಿ 26 ಗೆದ್ದಿತು. ಇದನ್ನೂ ಮರೆಯಬಾರದು.) ಆದರೆ ನನ್ನ ಪ್ರಕಾರ ಚುನಾವಣೆಗಿಂತ ದೊಡ್ಡದು ಆಮೇಲೆ ಆದದ್ದು. 1978ರ 44ನೇ ತಿದ್ದುಪಡಿ ಬಾಗಿಲನ್ನು ಕಿರಿದು ಮಾಡಿತು. ‘ಆಂತರಿಕ ಗಲಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು. ಮಂತ್ರಿಮಂಡಲ ಬರೆದು ಕೊಡದೆ ರಾಷ್ಟ್ರಪತಿಗಳು ಘೋಷಿಸುವಂತಿಲ್ಲ. ಜೀವಿಸುವ ಹಕ್ಕನ್ನಂತೂ ಯಾವಾಗಲೂ ಅಮಾನತಿನಲ್ಲಿ ಇಡುವಂತಿಲ್ಲ.

1976ರ ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಆ ಮೊಕದ್ದಮೆ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.