ಬೈಕು ಕೊಳ್ಳೋಣ, ನೋಡಿ ಕೊಳ್ಳೋಣ

ನಮ್ಮ ಸಂಘದ ಅಕ್ಕ ಒಬ್ಬರು ಹೂವಿನ ವ್ಯಾಪಾರ ಮಾಡುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗಂಡನ ಜೊತೆ ಪೇಟೆಗೆ ಹೋಗಬೇಕು. ಪೇಟೆ 20 ಕಿಲೋಮೀಟರ್ ದೂರ. ಅಷ್ಟು ಹೊತ್ತಿಗೆ ಬಸ್ಸಿಲ್ಲ. ಆಟೋದವನು ಕೇಳಿದಷ್ಟು ಕೊಡಬೇಕು. ತಡವಾದರೆ ಹೂವು ಬಾಡುತ್ತದೆ, ಬೆಲೆ ಬೀಳುತ್ತದೆ.

"ಒಂದು ಬೈಕ್ ತಗೊಂಡುಬಿಡ್ತೀವಿ ಕಣ್ರೇ" ಅಂದರು ಅಕ್ಕ.

ಯಾವ ಬೈಕು? ಮಗ 150 ಸಿಸಿ ಅಂದ. ಗಂಡ 100 ಸಿಸಿ ಸಾಕು ಅಂದರು. ದುಡ್ಡು ಕಟ್ಟುವವರು ಅಕ್ಕ. ಅವರನ್ನು ಯಾರೂ ಕೇಳಲಿಲ್ಲ. ಅದಕ್ಕೇ ನಾವು ನಾಲ್ಕು ಜನ ಅವರ ಜೊತೆ ಅಂಗಡಿಗೆ ಹೋದೆವು.

ಅಂಗಡಿಯಲ್ಲಿ ಪ್ರತಿ ಬೈಕಿಗೂ ಒಂದು ಕಾಗದ ಕೊಡುತ್ತಾರೆ. ಬಣ್ಣದ ಚಿತ್ರ ಮೇಲೆ ಇರುತ್ತದೆ. ಬೇಕಾದ ವಿಷಯ ಹಿಂದೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾವು ಹಿಂದಿನ ಪುಟವನ್ನೇ ಓದಿದೆವು.

ಎರಡು ಕಾಗದ ಪಕ್ಕ ಪಕ್ಕ ಇಟ್ಟೆವು. ಒಂದು ಹೀರೋ ಸ್ಪ್ಲೆಂಡರ್ ಪ್ಲಸ್. ಸ್ಪ್ಲೆಂಡರ್ 1994ರಿಂದ ನಮ್ಮ ರಸ್ತೆಗಳಲ್ಲಿದೆ. ಅದರ ಎಂಜಿನ್ 97.2 ಸಿಸಿ. ಇನ್ನೊಂದು ಹೋಂಡಾ ಶೈನ್. ಇದು 2006ರಲ್ಲಿ ಬಂತು. ಎಂಜಿನ್ ಸುಮಾರು 124 ಸಿಸಿ. ಜನ 125 ಅನ್ನುತ್ತಾರೆ.

ಸಿಸಿ ಅಂದರೆ ಏನು? ಎಂಜಿನ್ನಿನ ಒಳಗೆ ಪೆಟ್ರೋಲು, ಗಾಳಿ ಸೇರಿ ಉರಿಯುವ ಕೊಳವೆ ಇದೆ. ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಆ ಓಟದ ಜಾಗದ ಅಳತೆಯೇ ಸಿಸಿ. ಜಾಗ ದೊಡ್ಡದಾದರೆ ಶಕ್ತಿ ಹೆಚ್ಚು. ಸಾಮಾನ್ಯವಾಗಿ ಪೆಟ್ರೋಲೂ ಹೆಚ್ಚು ಬೇಕು.

ಕಾಗದದಲ್ಲಿ 'ಟಾರ್ಕ್' ಅಂತ ಒಂದು ಸಾಲು ಇತ್ತು. ಇದನ್ನು ಎಳೆತ ಅನ್ನೋಣ. ಎತ್ತು ಬಯಲಲ್ಲಿ ಎಷ್ಟು ಓಡುತ್ತದೆ ಅನ್ನುವುದು ಒಂದು, ಏರಿನಲ್ಲಿ ತುಂಬಿದ ಗಾಡಿ ಎಷ್ಟು ಎಳೆಯುತ್ತದೆ ಅನ್ನುವುದು ಇನ್ನೊಂದು. ಟಾರ್ಕ್ ಈ ಎರಡನೆಯದು. ಸ್ಪ್ಲೆಂಡರ್‌ಗೆ ಸುಮಾರು 8, ಶೈನ್‌ಗೆ ಸುಮಾರು 11 ಎಂದು ಬರೆದಿತ್ತು. ತೂಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ನೂರಾ ಹತ್ತು ಚಿಲ್ಲರೆ ಕಿಲೋ.

ಅಕ್ಕನ ಊರಿನ ದಾರಿಯಲ್ಲಿ ಒಂದು ಉದ್ದನೆಯ ಏರು ಇದೆ. ಗಂಡ ಹೆಂಡತಿ ಇಬ್ಬರು, ಮೇಲೆ ಎರಡು ಬುಟ್ಟಿ ಹೂವು. ಒಬ್ಬರೇ ಓಡಾಡುವುದಾದರೆ 100 ಸಿಸಿ ಧಾರಾಳವಾಗಿ ಸಾಕು. ಹೆಚ್ಚು ಕೊಡುವುದು ದಂಡ. ಅಕ್ಕನ ಕೆಲಸಕ್ಕೆ ಮಾತ್ರ 125 ಮೇಲು ಅನ್ನಿಸಿತು ನಮಗೆ. ಮಗನ 150 ಸಿಸಿ ಗಾಡಿಯ ಹಿಂದಿನ ಸೀಟು ಗೋಡೆಯ ಹಾಗೆ ಎತ್ತರ ಇತ್ತು. ಸೀರೆ ಉಟ್ಟು ಹತ್ತಿ ನೋಡಿ ಅಕ್ಕ ನಕ್ಕರು. ಅದರ ಮಾತು ಅಲ್ಲಿಗೇ ಮುಗಿಯಿತು.

ಈಗ ಪೆಟ್ರೋಲಿನ ಲೆಕ್ಕ ಮಾಡೋಣ. ಹೋಗಿ ಬರಲು ದಿನಕ್ಕೆ 40 ಕಿಲೋಮೀಟರ್. ವರ್ಷಕ್ಕೆ 300 ದಿನ ಅಂದರೆ 12,000 ಕಿಲೋಮೀಟರ್. ಒಂದು ಗಾಡಿ ಲೀಟರಿಗೆ 60 ಕಿಲೋಮೀಟರ್ ಕೊಟ್ಟರೆ 200 ಲೀಟರ್ ಬೇಕು. ಇನ್ನೊಂದು 50 ಕೊಟ್ಟರೆ 240 ಲೀಟರ್. ಹೆಚ್ಚು ಆಗುವುದು 40 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 4,000 ರೂಪಾಯಿ. ಏರು ಹತ್ತುವ ಶಕ್ತಿಗೆ ಅಕ್ಕ ಕೊಡುವ ಬೆಲೆ ಇದು. ಅವರು ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ "ಕೊಡಬಹುದು" ಅಂದರು.

ಬ್ರೇಕನ್ನು ಮರೆಯಬಾರದು. 2019ರ ಏಪ್ರಿಲ್‌ನಲ್ಲಿ ಒಂದು ನಿಯಮ ಬಂತು. 125 ಸಿಸಿವರೆಗಿನ ಗಾಡಿಗೆ ಜೋಡಿ ಬ್ರೇಕ್ ಇಲ್ಲವೇ ಎ.ಬಿ.ಎಸ್. ಕಡ್ಡಾಯವಾಯಿತು. ಜೋಡಿ ಬ್ರೇಕ್ ಇದ್ದರೆ ಕಾಲಿನ ಬ್ರೇಕ್ ಒತ್ತಿದಾಗ ಮುಂದಿನ ಚಕ್ರವೂ ಹಿಡಿಯುತ್ತದೆ. ಗಾಡಿ ಜಾರುವುದು ಕಡಿಮೆ. ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಬೇಕೋ ಡಿಸ್ಕ್ ಬ್ರೇಕ್ ಬೇಕೋ ಎಂದು ಅಂಗಡಿಯವರು ಕೇಳಿದರು. ಡಿಸ್ಕ್ ಇರುವುದಕ್ಕೆ ಬೆಲೆ ಜಾಸ್ತಿ. ಕತ್ತಲಲ್ಲಿ, ಮಳೆಯಲ್ಲಿ, ಭಾರ ಹೊತ್ತು ಹೋಗುವ ಗಾಡಿ ಇದು. ಸ್ಟಿಕ್ಕರಿಗೆ ಕೊಡುವ ದುಡ್ಡನ್ನು ಡಿಸ್ಕ್‌ಗೆ ಕೊಡಿ ಅಂದೆವು.

ಆಮೇಲೆ ಬೆಲೆಯ ಚೀಟಿ ಬಂತು. ಗೋಡೆಯ ಮೇಲೆ ಬರೆದ ಬೆಲೆ ಬೇರೆ, ಗಾಡಿ ರಸ್ತೆಗೆ ಬರುವ ಬೆಲೆ ಬೇರೆ. ನಡುವೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರುತ್ತವೆ. ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಅದು ಪರಿಹಾರ ಕೊಡುತ್ತದೆ. ನಮ್ಮ ಗಾಡಿ ಕಳುವಾದರೆ ಕೊಡುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು. ಜಿ.ಎಸ್.ಟಿ. ಸಾಲನ್ನೂ ಓದಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಅದು ನೂರಕ್ಕೆ 28ರಿಂದ 18ಕ್ಕೆ ಇಳಿಯಿತು.

ಚೀಟಿಯ ಕೊನೆಯಲ್ಲಿ 'ಸೀರೆ ಗಾರ್ಡ್' ಎಂದು ಬೇರೆ ದುಡ್ಡು ಹಾಕಿದ್ದರು. ಹಿಂದೆ ಕೂತವರ ಸೀರೆ, ದುಪಟ್ಟ ಚಕ್ರಕ್ಕೆ ಸಿಕ್ಕಿ ಪ್ರಾಣವೇ ಹೋಗಬಹುದು. ಅದಕ್ಕೇ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇದೆ. ಹಿಂದೆ ಕೂತವರಿಗೆ ಹಿಡಿಕೆ ಇರಬೇಕು, ಕಾಲಿಡುವ ಜಾಗ ಇರಬೇಕು, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ತಡೆ ಇರಬೇಕು. "ಕಾನೂನಿನಲ್ಲಿ ಇರೋದಕ್ಕೆ ಬೇರೆ ದುಡ್ಡು ಯಾಕಪ್ಪಾ?" ಅಂತ ಅಕ್ಕ ಕೇಳಿದರು. ಹುಡುಗ ಒಳಗೆ ಹೋಗಿ ಬಂದು ಆ ಸಾಲು ಹೊಡೆದುಹಾಕಿದ.

ಸಾಲದ ಮಾತೇ ಎಲ್ಲಕ್ಕಿಂತ ದೊಡ್ಡದು. ಅಕ್ಕನಿಗೆ 60,000 ರೂಪಾಯಿ ಸಾಲ ಬೇಕಿತ್ತು. ಮೇಜಿನ ಹಿಂದೆ ಕೂತವರು "ನೂರಕ್ಕೆ ವರ್ಷಕ್ಕೆ 12 ಅಷ್ಟೇ, ಮೂರು ವರ್ಷ" ಅಂದರು. ನಮ್ಮ ಸಂಘದ ಬಡ್ಡಿಯೂ 12. ಒಂದೇ ತಾನೇ? ಅಲ್ಲ. ಅವರದು ಫ್ಲಾಟ್ ಬಡ್ಡಿ. ತಿಂಗಳು ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ 60,000ಕ್ಕೇ. ವರ್ಷಕ್ಕೆ 7,200. ಮೂರು ವರ್ಷಕ್ಕೆ 21,600. ಸಂಘದಲ್ಲಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ತಿಂಗಳ ಕಂತು ಸುಮಾರು 1,993, ಮೂರು ವರ್ಷದ ಬಡ್ಡಿ ಸುಮಾರು 11,750. ಹತ್ತಿರ ಹತ್ತಿರ 10,000 ರೂಪಾಯಿ ಅಂತರ! ಹೋದ ವರ್ಷ ನಮ್ಮಲ್ಲೇ ಇನ್ನೊಬ್ಬರು ಓದದೆ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಅವರು ಇನ್ನೂ ಕಟ್ಟುತ್ತಿದ್ದಾರೆ. ಅಕ್ಕ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಸಾಲ ಸಂಘದಲ್ಲೇ ತೆಗೆದರು.

ಅದೇ ವಾರ 125 ಸಿಸಿ ಗಾಡಿ ಮನೆಗೆ ಬಂತು. ಐ.ಎಸ್.ಐ. ಗುರುತಿನ ಹೆಲ್ಮೆಟ್ ಎರಡು ತಂದರು. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ಮುಡಿದ ಹೂವು ಕೆಡುತ್ತದೆ ಅಂತ ಅಕ್ಕ ಗೊಣಗಿದರು, ಆದರೂ ಹಾಕಿಕೊಂಡರು.

ಮೈಲೇಜ್ ನೋಡುವುದು ಹೇಗೆ ಅಂತ ಅಂಗಡಿಯವರು ಹೇಳಲಿಲ್ಲ. ನಾವು ಹೇಳಿಕೊಟ್ಟೆವು. ಟ್ಯಾಂಕ್ ಪೂರ್ತಿ ತುಂಬಿಸಿ. ಮೀಟರಿನ ಅಂಕಿ ಬರೆದಿಡಿ. ಓಡಿಸಿ. ಮತ್ತೆ ಪೂರ್ತಿ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು ನೋಡಿ. ಓಡಿದ ಕಿಲೋಮೀಟರನ್ನು ಆ ಲೀಟರಿನಿಂದ ಭಾಗಿಸಿ.

ಅಕ್ಕನ ಪುಸ್ತಕದಲ್ಲಿ ಹೀಗಿತ್ತು: 318 ಕಿಲೋಮೀಟರ್, 6 ಲೀಟರ್. ಅವರೇ ಭಾಗಿಸಿದರು. 53 ಬಂತು.

"ಏರು ಇದೆಯಲ್ಲ, ಪರವಾಗಿಲ್ಲ. ಮುಂದಿನ ಸಲ ಗಾಳಿ ಸರಿಯಾಗಿ ಹೊಡೆಸಿ ನೋಡ್ತೀನಿ" ಅಂದರು.