ಗಣಕಯಂತ್ರದಿಂದ ಕೈಫೋನಿಗೆ ಹೋಗುವ ಸಂದೇಶದ ವಿಷಯ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಂತಿಯ ಕಾಲವನ್ನು ಕಂಡವರು. ಪದವೊಂದಕ್ಕೆ ಇಷ್ಟೆಂದು ಲೆಕ್ಕ ಹಾಕಿ, ಬೇಡವಾದ ಮಾತನ್ನು ಹೊಡೆದುಹಾಕಿ, ಹುಟ್ಟು ಸಾವುಗಳ ಸುದ್ದಿಯನ್ನು ನಾಲ್ಕೈದು ಪದಗಳಲ್ಲಿ ಮುಟ್ಟಿಸುತ್ತಿದ್ದ ಆ ಪದ್ಧತಿಯು ನಮ್ಮ ದೇಶದಲ್ಲಿ 2013ನೆಯ ಇಸವಿ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅದರ ಸ್ಥಾನದಲ್ಲಿ ಇಂದು ಇರುವದು ಕೈಫೋನಿನ ಕಿರುಸಂದೇಶ, ಅಂದರೆ ಎಸ್‌ಎಂಎಸ್. ಶಾಲೆಯ ಗಣಕಯಂತ್ರದಿಂದ ನೂರಾರು ತಂದೆತಾಯಿಗಳ ಫೋನುಗಳಿಗೆ ಈ ಸಂದೇಶವು ಯಾವ ದಾರಿಯಾಗಿ ಹೋಗುವದು, ಅದನ್ನು ಬರೆಯುವವರೂ ಓದುವವರೂ ಯಾವ ವಿಷಯದಲ್ಲಿ ಎಚ್ಚರವಾಗಿರತಕ್ಕದ್ದು ಎಂಬದನ್ನು ಇಲ್ಲಿ ಸ್ವಲ್ಪ ವಿವರಿಸುವೆವು.

ವಾಟ್ಸ್‌ಆ್ಯಪ್ ಇರಲಾಗಿ ಇದರ ಅಗತ್ಯವೇನೆಂದು ಕೆಲವರು ಕೇಳುವರು. ನಾಗರಬಾವಿಯಲ್ಲಿ ಕಾನೂನು ಶಾಲೆಯ ವಿಶ್ವವಿದ್ಯಾಲಯವಿದೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಶೋಧನಾ ಸಂಸ್ಥೆಯಿದೆ, ಪಕ್ಕದಲ್ಲೇ ಜ್ಞಾನಭಾರತಿಯಿದೆ. ಇವುಗಳ ನೆರಳಿನಲ್ಲಿಯೇ ಮನೆಗೆಲಸ ಮಾಡುವ ತಾಯಂದಿರೂ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಂದಿರೂ ಇದ್ದಾರೆ. ಇವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿರುವದು ಗುಂಡಿ ಒತ್ತುವ ಸಾದಾ ಫೋನು. ಅಂತರ್ಜಾಲವಿಲ್ಲದ ಆ ಫೋನಿಗೂ ಕಿರುಸಂದೇಶವು ತಪ್ಪದೆ ತಲಪುವದು. ಶಾಲೆಯ ಸುದ್ದಿಯು ಅನುಕೂಲವಂತರ ಮನೆಗೆ ಮಾತ್ರ ಮುಟ್ಟುವದು ನ್ಯಾಯವಲ್ಲವೆಂದು ನಾವು ಎಣಿಸುತ್ತೇವೆ.

ಲೋಕದ ಮೊತ್ತಮೊದಲನೆಯ ಕಿರುಸಂದೇಶವು ಗಣಕಯಂತ್ರದಿಂದಲೇ ಹೊರಟದ್ದು ಸೋಜಿಗವಾದ ಸಂಗತಿ. 1992ನೆಯ ಇಸವಿ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಇಂಜಿನಿಯರನು ವೊಡಾಫೋನ್ ಸಂಸ್ಥೆಯ ರಿಚರ್ಡ್ ಜಾರ್ವಿಸ್ ಎಂಬವರ ಫೋನಿಗೆ ಕ್ರಿಸ್ಮಸ್ ಶುಭಾಶಯವನ್ನು ಕಳುಹಿಸಿದನು. ಆ ಫೋನಿನಲ್ಲಿ ಅಕ್ಷರಗಳನ್ನು ಬರೆದು ಕಳುಹಿಸುವ ಸಾಧನವಿರಲಿಲ್ಲವಾದ್ದರಿಂದ ಪಡೆದವರಿಗೆ ಮರುತ್ತರ ಕೊಡಲಿಕ್ಕೆ ಆಗಲಿಲ್ಲ.

ಸಂದೇಶದ ದಾರಿಯು ಹೀಗಿದೆ. ನಮ್ಮ ಯಂತ್ರದಿಂದ ಅದು ಅಂತರ್ಜಾಲದ ಮೂಲಕ ಒಂದು ದ್ವಾರಯಂತ್ರಕ್ಕೂ, ಅಲ್ಲಿಂದ ದೂರವಾಣಿ ಸಂಸ್ಥೆಯ ಸಂದೇಶ ಕೇಂದ್ರಕ್ಕೂ ಹೋಗುವದು. ಆ ಕೇಂದ್ರವು ಅಂಚೆಮನೆಯ ಹಾಗೆ. ಪಡೆಯತಕ್ಕವರ ಫೋನು ಆರಿದ್ದರೆ ಸಂದೇಶವನ್ನು ಇಟ್ಟುಕೊಂಡು ಪುನಃ ಪುನಃ ಯತ್ನಿಸುವದು. ಗಡುವು ಮೀರಿದರೆ ಮಾತ್ರ ಬಿಟ್ಟುಬಿಡುವದು. ಮಾತು ಹೋಗುವ ದಾರಿ ಬೇರೆ, ಫೋನಿಗೂ ಗೋಪುರಕ್ಕೂ ನಡುವೆ ಸಂಜ್ಞೆಗಳು ಹೋಗುವ ದಾರಿ ಬೇರೆ. ಕಿರುಸಂದೇಶವನ್ನು ಈ ಎರಡನೆಯ ದಾರಿಯಲ್ಲಿ ಸಾಗಿಸುವಂತೆ ಏರ್ಪಡಿಸಿದ್ದರಿಂದಲೇ ಅದನ್ನು ಇಷ್ಟು ಚಿಕ್ಕದಾಗಿ ಇಡಬೇಕಾಯಿತು.

ಎಷ್ಟು ಚಿಕ್ಕದು? ಒಂದು ಸಂದೇಶಕ್ಕೆ 1120 ಬಿಟ್‌ಗಳ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರಗಳು ಹಿಡಿಯುವವು. ನಮ್ಮ ಕನ್ನಡಕ್ಕಾದರೋ ಸಾಮಾನ್ಯವಾಗಿ ಒಂದೊಂದಕ್ಕೆ 16 ಬಿಟ್ ಬೇಕು. ಆದಕಾರಣ 70 ಮಾತ್ರ. ಅದರಲ್ಲಿಯೂ ಕಾಗುಣಿತದ ಪ್ರತಿಯೊಂದು ಚಿಹ್ನೆಗೂ ಒತ್ತಿಗೂ ಬೇರೆ ಲೆಕ್ಕ. ‘ವಿದ್ಯಾರ್ಥಿನಿ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಹನ್ನೆರಡು. ‘ಮಳೆಯ ನಿಮಿತ್ತ ನಾಳೆ ಶಾಲೆಗೆ ರಜೆ. ಮಕ್ಕಳನ್ನು ಕಳುಹಿಸಬೇಡಿ.’ ಎಂದು ಬರೆದರೆ ಎಡೆಗಳೂ ಚುಕ್ಕೆಗಳೂ ಸೇರಿ 51 ಆಗುವದು. ಕೆಳಗೆ ‘ಮುಖ್ಯೋಪಾಧ್ಯಾಯಿನಿ’ ಎಂದು ಸೇರಿಸಿದಲ್ಲಿ ನಡುವಣ ಎಡೆಯೊಂದಿಗೆ 68 ತುಂಬಿ, ಉಳಿಯುವವು ಎರಡೇ! ಪದವಿಯ ಹೆಸರು ಇಷ್ಟು ಜಾಗ ತಿನ್ನುವದೆಂದು ನಮಗೆ ಮೊದಲು ಹೊಳೆದಿರಲಿಲ್ಲ. 70 ಮೀರಿದರೆ ಸಂದೇಶವು ತುಂಡಾಗುವದು. ತುಂಡುಗಳನ್ನು ಜೋಡಿಸುವ ಗುರುತಿಗೂ ಜಾಗ ಬೇಕಾಗಿ ಪ್ರತಿ ತುಂಡಿಗೆ 67 ಮಾತ್ರ ಉಳಿಯುವದು, ಹಣವೂ ತುಂಡಿನ ಲೆಕ್ಕದಲ್ಲಿಯೇ. ಕನ್ನಡವನ್ನೂ 7 ಬಿಟ್‌ಗಳಲ್ಲಿ ಅಡಗಿಸುವ ಕೋಷ್ಟಕವು ಅಂತರರಾಷ್ಟ್ರೀಯ ನಿಯಮಗಳಲ್ಲಿ ಸೇರಿದೆ. ಬಳಕೆಯಲ್ಲಿ ಕಾಣುವದು ಬಹಳ ಅಪರೂಪ. ಹೀಗಾಗಿ ಕೆಲವರು ಕನ್ನಡದ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕಾಸು ಉಳಿಸುವರು. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಈ ಉಳಿತಾಯದಿಂದ ಏನು ಪ್ರಯೋಜನ? ನಾವು ಪದಗಳನ್ನು ಕಡಿಮೆ ಮಾಡುವೆವೇ ಹೊರತು ಲಿಪಿಯನ್ನು ಬಿಡುವದಿಲ್ಲ.

ಹಿಂದೆ ಗಣಕಯಂತ್ರದಿಂದ ಪುಕ್ಕಟೆಯಾಗಿ ಸಂದೇಶ ಕಳುಹಿಸಲು ಅವಕಾಶ ಕೊಡುತ್ತಿದ್ದ ಜಾಲತಾಣಗಳು ನಮ್ಮ ದೇಶದಲ್ಲಿ ಬಹಳ ಹೆಸರಾಗಿದ್ದವು. ವೇ2ಎಸ್‌ಎಂಎಸ್ ಅವುಗಳಲ್ಲೊಂದು. 160ಬೈ2 ಎಂಬ ಇನ್ನೊಂದರ ಹೆಸರು ಬೆಂಗಳೂರಿನವರಿಗೆ ಬೈಟು ಕಾಫಿಯನ್ನು ನೆನಪಿಗೆ ತರುವಂಥದು: 160 ಅಕ್ಷರಗಳ ಜಾಗವನ್ನು ಬರೆದವರಿಗೂ ಜಾಹೀರಾತಿಗೂ ಹಂಚುವ ಉಪಾಯ ಅದು.

ಸುಲಭವಾದ ಸಾಧನವು ಕೆಟ್ಟ ಸುದ್ದಿಯನ್ನೂ ಅಷ್ಟೇ ಸುಲಭವಾಗಿ ಹೊರುವದೆಂಬದನ್ನು ನಮ್ಮ ನಗರವು 2012ನೆಯ ಇಸವಿಯಲ್ಲಿ ಕಂಡಿತು. ಆ ವರ್ಷ ಅಸ್ಸಾಮಿನಲ್ಲಿ ಗಲಭೆಗಳಾಗಿದ್ದವು. ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ಕೈಮಾಡುವರೆಂಬ ಗಾಳಿಸುದ್ದಿಯು ಕಿರುಸಂದೇಶಗಳಲ್ಲಿ ಹರಡಲು, ಆಗಸ್ಟ್ 15ರ ಸುಮಾರಿಗೆ ಸಾವಿರಾರು ಮಂದಿ ವಿದ್ಯಾರ್ಥಿಗಳೂ ಕೆಲಸಗಾರರೂ ಗಂಟುಮೂಟೆ ಕಟ್ಟಿಕೊಂಡು ನಗರದ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮಂತ್ರಿಗಳೂ ಪೊಲೀಸ್ ಅಧಿಕಾರಿಗಳೂ ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರೂ ಹೊರಟವರು ನಿಲ್ಲಲಿಲ್ಲ. ಆಗಸ್ಟ್ 17ರಂದು ಕೇಂದ್ರ ಸರಕಾರವು 15 ದಿನಗಳ ಮಟ್ಟಿಗೆ 5ಕ್ಕಿಂತ ಹೆಚ್ಚು ಸಂದೇಶಗಳನ್ನು ಒಟ್ಟಾಗಿ ಕಳುಹಿಸಕೂಡದೆಂದು ಆಜ್ಞೆ ಮಾಡಿ, ಕೆಲವು ದಿನಗಳಲ್ಲಿ ಅದನ್ನು 20ಕ್ಕೆ ಏರಿಸಿತು. ಬಂದ ಸಂದೇಶವು ಯಾರದೆಂದು ಕೇಳದೆ ಮುಂದಕ್ಕೆ ಅಟ್ಟಿದ ಕೈಗಳು ಎಷ್ಟೋ! ಅವರಲ್ಲಿ ಬಹುಮಂದಿ ಕೇಡು ಬಯಸಿದವರಲ್ಲ. ಗೆಳತಿಗೆ ಎಚ್ಚರಿಕೆ ಹೇಳುತ್ತೇವೆಂದೇ ಎಣಿಸಿರಬೇಕು.

ಈಗ ಕಳುಹಿಸುವವರ ಗುರುತು ಕಡ್ಡಾಯವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ಮಾಡಿದ ನಿಯಮಗಳ ಮೇರೆಗೆ, ಗಣಕಯಂತ್ರದಿಂದ ಬಹುಜನರಿಗೆ ಸಂದೇಶ ಕಳುಹಿಸುವ ಸಂಸ್ಥೆಯು ಮೊದಲು ತನ್ನ ಹೆಸರನ್ನೂ, ಸಂದೇಶದ ಮೇಲೆ ಕಾಣುವ ಗುರುತನ್ನೂ, ಸಂದೇಶದ ಮಾದರಿಯನ್ನೂ ನೋಂದಾಯಿಸತಕ್ಕದ್ದು. ತಾರೀಕು, ಹೆಸರು ಮುಂತಾದವುಗಳಿಗೆ ಮಾತ್ರ ತೆರಪು ಬಿಡಬಹುದು. ಮಾದರಿಗೆ ಹೊಂದದ ಸಂದೇಶವು ದಾರಿಯಲ್ಲೇ ನಿಲ್ಲುವದು. 2021ನೆಯ ಇಸವಿ ಮಾರ್ಚ್ 8ರಂದು ಇದನ್ನು ಜಾರಿಗೆ ತಂದಾಗ ಬ್ಯಾಂಕುಗಳ ಗುಪ್ತಸಂಖ್ಯೆಗಳೂ ಸಿಕ್ಕಿಕೊಂಡು ದೇಶವೆಲ್ಲ ಪರದಾಡಿದ್ದರಿಂದ ಒಂದು ವಾರ ತಡೆಹಿಡಿಯಬೇಕಾಯಿತು. ನಿಯಮವು ಬಿಗಿಯಾದದ್ದೇ, ಆದರೂ 2012ನ್ನು ನೋಡಿದವರು ಇದನ್ನು ಹೆಚ್ಚೆಂದು ಹೇಳಲಾರರು.

ಮನೆಯಲ್ಲಿ ಗಣಕಯಂತ್ರವುಳ್ಳವರು ಗೂಗಲ್ ಮೆಸೇಜಸ್ ಎಂಬ ಸಾಧನದಿಂದ ಫೋನನ್ನು ಯಂತ್ರಕ್ಕೆ ಜೋಡಿಸಿ, ಕೀಲಿಮಣೆಯಲ್ಲಿ ಬರೆದು ಕಳುಹಿಸಬಹುದು. ಆಗ ಸಂದೇಶವು ಹೊರಡುವದು ಅವರ ಸ್ವಂತ ಫೋನಿನ ಸಂಖ್ಯೆಯಿಂದಲೇ. ಹತ್ತು ಜನ ನೆಂಟರಿಗೆ ಸುದ್ದಿ ಹೇಳಲಿಕ್ಕೆ ಅದು ಸಾಕು.

ಶಾಲೆಯ ಹೆಸರಿನಲ್ಲಿ ಶುಲ್ಕ ಕೇಳುವ ಸಂದೇಶವು ಹತ್ತಂಕಿಯ ಸಾಧಾರಣ ಸಂಖ್ಯೆಯಿಂದ ಬಂದರೆ, ಅದರೊಳಗಿನ ಕೊಂಡಿಯನ್ನು ಒತ್ತದೆ ಮೊದಲು ಕಚೇರಿಯಲ್ಲಿ ವಿಚಾರಿಸತಕ್ಕದ್ದು; ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆಮಾಡತಕ್ಕದ್ದು. ಇನ್ನು, ಫೋನಿನಲ್ಲಿ ಕನ್ನಡದ ಬದಲು ಬರಿಯ ಚೌಕಗಳು ಕಾಣುವ ಮನೆಯವರು ನಾಚಿಕೆಪಡದೆ ತರಗತಿಯ ಉಪಾಧ್ಯಾಯಿನಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅಂಥವರ ಹೆಸರನ್ನು ಬೇರೆಯಾಗಿ ಬರೆದಿಟ್ಟು, ರಜೆಯ ಸುದ್ದಿಯನ್ನು ಕರೆಮಾಡಿಯೇ ಹೇಳುವೆವು.