ಸೈಟು ಬಿಡಿಸುವ ಮೊದಲು

ಮಗಾ, ರೋಡಿನ ಪಕ್ಕದ ರಾಗಿ ಹೊಲವನ್ನ ಸೈಟು ಮಾಡಿ ಮಾರ್ತೀಯಂತೆ, ನಿಮ್ಮಮ್ಮ ಹೇಳಿದಳು. ಬೇಡ ಅನ್ನಲ್ಲ. ನಮ್ಮ ಅಂಚೆಟ್ಟಿ ತಾಲ್ಲೂಕಾಯ್ತು, ಆಫೀಸು ಬಂದವು, ಬಾಡಿಗೆ ಮನೆ ಕೇಳೋರು ಬಂದರು. ಊರು ಬೆಳೆಯೋದನ್ನ ನಿಲ್ಲಿಸೋಕೆ ನಾನ್ಯಾರು? ಆದರೆ ಚರಂಡಿಗೆ, ಹಳ್ಳಕ್ಕೆ, ಮಕ್ಕಳ ಆಟಕ್ಕೆ ಜಾಗ ಬಿಡೋದಾದರೆ ಅದು ಈಗಲೇ ಆಗಬೇಕು. ಅಡಿಗಿಷ್ಟು ಅಂತ ರೇಟು ಏರಿದ ಮೇಲೆ ಒಂದು ಗೇಣೂ ಯಾರೂ ಬಿಡಲ್ಲ.

ಹೊಸೂರನ್ನೇ ತಗೋ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು, 2019ರಲ್ಲಿ ಊರು ಮಹಾನಗರ ಪಾಲಿಕೆಯಾಯ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಉರಿಯೋದು ಅಲ್ಲಿನ ಸಂಬಳದಿಂದಲೇ. ಆದರೆ ಹತ್ತಿರದ ಕೆಲವರಪಲ್ಲಿ ಅಣೆಕಟ್ಟಿನಲ್ಲಿ ಬೆಟ್ಟದ ಹಾಗೆ ನೊರೆ ಏಳೋದನ್ನ ನೀನೂ ನೋಡಿದ್ದೀಯ. ಆ ಹೊಲಸೆಲ್ಲ ಹೊಸೂರಿನದ್ದಲ್ಲ. ಬೆಂಗಳೂರಿನ ಕೊಳಚೆ ಬೆಳ್ಳಂದೂರು ಕೆರೆ, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಬಿದ್ದು ರಾಜ್ಯದ ಗಡಿ ಇಳಿದು ಬರುತ್ತೆ. 2017ರಲ್ಲಿ ಬೆಳ್ಳಂದೂರು ಕೆರೆ ಮೇಲೆ ಬೆಂಕಿಯೇ ಎದ್ದಿತ್ತು! ಮೇಲಿನೂರಿನ ಬಚ್ಚಲು ಕೆಳಗಿನೂರಿನ ಹೊಲಕ್ಕೆ ನೀರು.

ಇದನ್ನ ಕೇಳಿ ಬೆಂಗಳೂರಿನವರನ್ನ ಬಯ್ಯೋದು ಸುಲಭ. ನಾವೂ ಯಾರಿಗೋ ಮೇಲಿನೂರೇ ಕಣೋ. ನಮ್ಮ ದೊಡ್ಡಹಳ್ಳ ಕಾಡು ಹಾದು ಕಾವೇರಿಗೆ ಸೇರುತ್ತೆ. ಸುತ್ತಲ ಕಾಡು 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವಾಯ್ತು, 686 ಚದರ ಕಿಲೋಮೀಟರು. ನಿನ್ನ ಲೇಔಟಿನ ಕಸ ಹಳ್ಳದ ದಡಕ್ಕೆ ಬಿದ್ದರೆ ಮೊದಲು ಹಂದಿ ಬರುತ್ತೆ, ಆಮೇಲೆ ಆನೆ. ಆನೆ ಬಂತು ಅಂತ ಆಗ ಫಾರೆಸ್ಟಿನವರ ಮೇಲೆ ಕೂಗಾಡಬೇಡ.

ಪಾಯಿಖಾನೆ ಗುಂಡಿ ವಿಷಯ ಹೇಳೋಕೆ ನನಗೆ ನಾಚಿಕೆಯಿಲ್ಲ. ಒಳಚರಂಡಿ ಇಲ್ಲದ ಕಡೆ 30-40ರ ಸೈಟಿನಲ್ಲಿ ಗುಂಡಿಯೂ ಬೋರ್‌ವೆಲ್ಲೂ ಒಂದರ ಪಕ್ಕ ಒಂದು ಬಂದುಬಿಡುತ್ತವೆ. ಇಂಗುಗುಂಡಿಗೂ ಕುಡಿಯೋ ನೀರಿಗೂ ಕಡೇಪಕ್ಷ 60 ಅಡಿ ಇರಬೇಕು. ಅಂಥ ಸೈಟಿನೊಳಗೆ 60 ಅಡಿ ಎಲ್ಲಿ ಹುಡುಕ್ತೀಯ? ಅದಕ್ಕೇ ಮನೆಗೊಂದು ಬೋರು ಅನ್ನೋದು ಬಿಡು. ಮೇಲುಭಾಗದಲ್ಲಿ ಎಲ್ಲರಿಗೂ ಒಂದೇ ಬೋರು, ಒಂದು ಟ್ಯಾಂಕು ಮಾಡು. ನೀರನ್ನ ಪರೀಕ್ಷೆ ಮಾಡಿಸದೆ ಯಾರಿಗೂ ಕುಡಿಸಬೇಡ. ನಮ್ಮ ಕೃಷ್ಣಗಿರಿ ಜಿಲ್ಲೆಯ ಬೋರು ನೀರಲ್ಲಿ ಫ್ಲೋರೈಡ್ ಇದೆ, ಹಲ್ಲು ಕಂದಾಗುತ್ತೆ, ಮೂಳೆ ಬಾಗುತ್ತೆ. ಅದಕ್ಕೆ ತಾನೇ 2013ರಲ್ಲಿ ಹೊಗೇನಕಲ್ ನೀರಿನ ಯೋಜನೆ ಶುರುವಾದದ್ದು? ಕೃಷ್ಣಗಿರಿ, ಧರ್ಮಪುರಿ ಎರಡೂ ಜಿಲ್ಲೆಗೆ ಕಾವೇರಿ ನೀರು ಕೊಡೋಕೆ.

ಇನ್ನು ರಸ್ತೆ. ಕಾರು ತಿರುಗಿಸೋಕೆ ಜಾಗ ಬೇಕು ಅಂತ ಎಲ್ಲರೂ ಕೇಳ್ತಾರೆ, ಮುದುಕಿ ನಡೆಯೋಕೆ ಜಾಗ ಅಂತ ಯಾರೂ ಕೇಳಲ್ಲ. ನೀನು ಎರಡಕ್ಕೂ ಬಿಡು, ಅಂಚಿಗೆ ಹೊಂಗೆ ಹಾಕು. ದೊಡ್ಡ ಲೇಔಟಾದರೆ ನೂರಕ್ಕೆ 10 ಪಾಲು ಬಯಲು ಬಿಡಬೇಕು ಅನ್ನೋ ಕಾನೂನಿದೆ. ಅದನ್ನ ಕಲ್ಲುಬಂಡೆ ಇರೋ ಮೂಲೆಗೆ ತಳ್ಳೋ ಬುದ್ಧಿ ಮಾತ್ರ ಬೇಡ. ನಡುವೆ ಬಿಟ್ಟರೆ ಮಕ್ಕಳು ಆಡ್ತಾರೆ, ಸಕ್ಕರೆ ಕಾಯಿಲೆಯೋರು ಸಂಜೆ ನಾಲ್ಕು ಸುತ್ತು ಹಾಕ್ತಾರೆ.

ನಾಳೆಯೇ ಗ್ರಾಮ ಆಡಳಿತಾಧಿಕಾರಿ ವಿಎಒ ಹತ್ತಿರ ಹೋಗಿ ಹೊಲದ ಅಳತೆಯ ಎಫ್‌ಎಂಬಿ ನಕ್ಷೆ ತಗೋ. ನಮ್ಮ ಹೊಲದ ಕೆಳಬದಿಯಲ್ಲಿ ನೀರು ಹರಿಯೋ ಓಣಿ ಒಂದಿದೆ, ಬೇಸಿಗೆಯಲ್ಲಿ ಕಾಣಲ್ಲ. ಸರ್ವೆಯವನು ಅದನ್ನೂ ಸೇರಿಸಿ ಎರಡು ಸೈಟು ಜಾಸ್ತಿ ಆಗುತ್ತೆ ಅಂತಾನೆ. ಆಗಲ್ಲ ಅನ್ನು. ಐಪಸಿ ತಿಂಗಳ ಮಳೆ ಬಿದ್ದಾಗ ಬಾ, ಇಬ್ಬರೂ ಹೋಗಿ ನೀರು ಎಲ್ಲಿ ಹರಿಯುತ್ತೆ ನೋಡಿ, ಆಮೇಲೆ ಕಲ್ಲು ನೆಡೋಣ.